ಸ್ಟೀರಿಂಗ್ ಎಣ್ಣೆಯಲ್ಲಿ ಗಾಳಿ: ಕೆಟ್ಟಿದ್ದು ಪಂಪೋ, ಕ್ಲಿಪ್ಪೋ?

ಪಾರ್ಕಿಂಗ್ ಜಾಗದಿಂದ ಕಾರನ್ನು ಹೊರತೆಗೆಯಲು ಸ್ಟೀರಿಂಗ್ ತಿರುಗಿಸಿದೊಡನೆ ಬಾನೆಟ್ ಅಡಿಯಿಂದ ಯಾರೋ ನರಳಿದಂತಹ ಸದ್ದು. ಚಕ್ರ ನೇರವಾದರೆ ಸದ್ದು ಅಡಗುತ್ತದೆ. ತಿರುಗಿಸಿದರೆ ಮತ್ತೆ ನರಳಾಟ. ಮೊದಲ ಕೆಲವು ದಿನ ಮಾಲೀಕರು ಅದನ್ನು ಕೇಳಿಯೂ ಕೇಳದಂತೆ ಇದ್ದುಬಿಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ ಎನಿಸತೊಡಗುತ್ತದೆ. ಗ್ಯಾರೇಜಿಗೆ ಹೋದರೆ ‘ಪಂಪ್ ಹೋಗಿದೆ, ಬದಲಾಯಿಸಬೇಕು’ ಎಂಬ ತೀರ್ಪು ಹೊರಬೀಳುತ್ತದೆ. ಸಾವಿರಾರು ರೂಪಾಯಿ ತೆತ್ತು ಬೇರೆ ಪಂಪ್ ಹಾಕಿಸಿದ ಹದಿನೈದು ದಿನಕ್ಕೆ ಅದೇ ಸದ್ದು ಮರಳಿ ಬಂದರೆ ಮಾಲೀಕರ ಪಾಡು ಹೇಳತೀರದು.

ಇಂತಹ ಸಂದರ್ಭಗಳಲ್ಲಿ ಅನೇಕ ವೇಳೆ ಅಪರಾಧಿ ಪಂಪ್ ಆಗಿರುವುದೇ ಇಲ್ಲ. ಎಣ್ಣೆಯೊಳಗೆ ಸೇರಿಕೊಂಡ ಗಾಳಿ ಈ ಎಲ್ಲ ಅವಾಂತರಕ್ಕೆ ಕಾರಣವಾಗಿರುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ‘ಏರ್ ಹಿಡಿದಿದೆ’. ಗಾಳಿ ಒಳಹೊಕ್ಕ ದಾರಿಯನ್ನು ಪತ್ತೆ ಮಾಡದೆ ಪಂಪ್ ಬದಲಾಯಿಸಿದರೆ ಹೊಸ ಪಂಪ್ ಕೂಡ ಅದೇ ಗಾಳಿಯನ್ನು ನುಂಗಿ ಬೇಗನೆ ಸವೆಯುತ್ತದೆ. ಆ ದಾರಿ ಒಂದು ಸಡಿಲಗೊಂಡ ಹೋಸ್ ಕ್ಲಿಪ್ ಆಗಿರಬಹುದು, ಇಲ್ಲವೇ ಗಟ್ಟಿಯಾಗಿ ಬಿರುಕು ಬಿಟ್ಟ ರಬ್ಬರ್ ಉಂಗುರವಾಗಿರಬಹುದು. ಎರಡಕ್ಕೂ ತಗಲುವ ವೆಚ್ಚ ಪಂಪಿನ ಬೆಲೆಯ ಮುಂದೆ ಏನೇನೂ ಅಲ್ಲ.

ಎಣ್ಣೆಯೇ ತೋಳು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾಲದ ಚಾಲಕರಿಗೆ ಸ್ಟೀರಿಂಗ್ ಎಂದರೆ ಭುಜದ ವ್ಯಾಯಾಮ. ನಿಂತ ವಾಹನದ ಚಕ್ರಗಳನ್ನು ತಿರುಗಿಸಲು ಸೀಟಿನಿಂದ ಅರ್ಧ ಏಳಬೇಕಾಗುತ್ತಿತ್ತು. ಈ ಶ್ರಮವನ್ನು ಎಣ್ಣೆಯ ಒತ್ತಡಕ್ಕೆ ವಹಿಸಿಕೊಡುವ ಉಪಾಯ ಹೊಸದೇನಲ್ಲ. ಅಮೆರಿಕದ ಪಿಯರ್ಸ್ ಆ್ಯರೋ ಕಂಪೆನಿಯಲ್ಲಿ ಲಾರಿಗಳ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ ಎಂಬಾತ 1926ರಲ್ಲೇ ಅದೇ ಕಂಪೆನಿಯ ಕಾರೊಂದಕ್ಕೆ ಇಂತಹ ವ್ಯವಸ್ಥೆಯನ್ನು ಅಳವಡಿಸಿ ಓಡಿಸಿ ತೋರಿಸಿದ್ದ. ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಕಾರು ತಯಾರಕರು ಇದರತ್ತ ಮನಸ್ಸು ಮಾಡಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರಿ ಕವಚದ ಸೇನಾ ವಾಹನಗಳಿಗೆ ಇದು ಬೇಕಾಯಿತು. ಜನಸಾಮಾನ್ಯರು ಕೊಳ್ಳಬಹುದಾದ ಕಾರಿನಲ್ಲಿ ಪವರ್ ಸ್ಟೀರಿಂಗ್ ಕಾಣಿಸಿಕೊಂಡಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಅಷ್ಟು ಹೊತ್ತಿಗೆ ಡೇವಿಸ್ ಪಡೆದಿದ್ದ ಪೇಟೆಂಟುಗಳ ಅವಧಿ ಮುಗಿಯುತ್ತ ಬಂದಿತ್ತು ಎಂಬುದು ವಿಪರ್ಯಾಸ.

ಮೂಲತತ್ತ್ವ ಶಾಲಾ ಪಠ್ಯದಲ್ಲಿ ಬರುವ ಪ್ಯಾಸ್ಕಲ್ ನಿಯಮವೇ. ಮುಚ್ಚಿದ ದ್ರವದ ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪ್, ಡಬ್ಬಿಯಲ್ಲಿರುವ ಎಣ್ಣೆಯನ್ನು ಎಳೆದು ಪ್ರೆಷರ್ ಹೋಸ್ ಮೂಲಕ ಸ್ಟೀರಿಂಗ್ ಬಾಕ್ಸ್ ಅಥವಾ ರ್‍ಯಾಕ್‌ಗೆ ತಳ್ಳುತ್ತದೆ. ಸ್ಟೀರಿಂಗ್ ದಂಡದ ತುದಿಯಲ್ಲಿ ತುಸುವೇ ತಿರುಚಿಕೊಳ್ಳಬಲ್ಲ ತೆಳು ಉಕ್ಕಿನ ಸರಳೊಂದಿದೆ. ಚಾಲಕ ತಿರುಗಿಸಿದಾಗ ಈ ಸರಳು ತಿರುಚಿ, ಅದಕ್ಕೆ ಹೊಂದಿಕೊಂಡ ಕವಾಟ ತೆರೆದು, ಎಣ್ಣೆ ಪಿಸ್ಟನ್ನಿನ ಒಂದು ಬದಿಗೆ ನುಗ್ಗುತ್ತದೆ. ಎಡಕ್ಕೆ ತಿರುಗಿಸಿದರೆ ಒಂದು ಬದಿ, ಬಲಕ್ಕೆ ತಿರುಗಿಸಿದರೆ ಇನ್ನೊಂದು ಬದಿ. ಕೆಲಸ ಮುಗಿಸಿದ ಎಣ್ಣೆ ರಿಟರ್ನ್ ಹೋಸ್ ಮೂಲಕ ಡಬ್ಬಿಗೆ ಹಿಂದಿರುಗುತ್ತದೆ. ಸಾಮಾನ್ಯ ಕಾರಿನಲ್ಲಿ ಹೀಗೆ ಸುತ್ತುವ ಎಣ್ಣೆ ಹೆಚ್ಚುಕಡಿಮೆ ಒಂದು ಲೀಟರ್ ಮಾತ್ರ.

ವಾಹನ ನೇರವಾಗಿ ಓಡುವಾಗ ಎಣ್ಣೆಯ ಒತ್ತಡ ತೀರಾ ಕಡಿಮೆ. ನಿಂತಲ್ಲೇ ಪೂರ್ತಿ ತಿರುಗಿಸಿದಾಗ ಅದು ಕಾರುಗಳಲ್ಲಿ 80 ಬಾರ್ ಆಸುಪಾಸಿಗೆ ಏರುವುದುಂಟು. ಕಾರಿನ ಟೈರಿನೊಳಗೆ ತುಂಬಿಸುವ ಗಾಳಿಯ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಆ ತೆಳ್ಳನೆಯ ಹೋಸ್ ತಾಳಿಕೊಳ್ಳುವ ಒತ್ತಡ ಎಷ್ಟೆಂಬುದು ಅರ್ಥವಾಗುತ್ತದೆ.

ಗಾಳಿ ಏನು ಮಾಡುತ್ತದೆ?

80 ಬಾರ್ ಒತ್ತಡದಲ್ಲಿ ಎಣ್ಣೆಯ ಗಾತ್ರ ಶೇಕಡ ಒಂದರಷ್ಟೂ ಕುಗ್ಗುವುದಿಲ್ಲ. ಅದೇ ಒತ್ತಡದಲ್ಲಿ ಗಾಳಿ ತನ್ನ ಮೂಲ ಗಾತ್ರದ ಸುಮಾರು 80ನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಪಿಸ್ಟನ್ನನ್ನು ತಳ್ಳಬೇಕಾದ ಶಕ್ತಿಯಲ್ಲಿ ಒಂದು ಪಾಲು ಗಾಳಿಯ ಗುಳ್ಳೆಗಳನ್ನು ಅಮುಕುವುದರಲ್ಲೇ ಪೋಲಾಗುತ್ತದೆ. ಗುಳ್ಳೆ ಕುಗ್ಗಿದಾಗ ಸ್ಟೀರಿಂಗ್ ಭಾರ, ಹಿಗ್ಗಿದಾಗ ಹಗುರ. ಕೈಗೆ ತಟ್ಟುವ ಆ ತಡವರಿಕೆ, ಅದುರಾಟಗಳ ಮೂಲ ಇದು.

ಸದ್ದಿನ ಕಥೆ ಬೇರೆ. ಗುಳ್ಳೆಗಳು ಪಂಪಿನ ಎಳೆಯುವ ಬದಿಯಿಂದ ಒತ್ತುವ ಬದಿಗೆ ಕ್ಷಣಾರ್ಧದಲ್ಲಿ ಸಾಗುತ್ತವೆ. ಅಲ್ಲಿ ಒಮ್ಮೆಲೇ ಕುಸಿದು ಬೀಳುವಾಗ ಹುಟ್ಟುವ ಸಣ್ಣ ಸಣ್ಣ ಹೊಡೆತಗಳೇ ಒಟ್ಟುಗೂಡಿ ‘ಗುಂಯ್’ ಎಂಬ ನರಳಾಟವಾಗಿ ಕೇಳಿಸುತ್ತವೆ. ಎಂಜಿನ್ ವೇಗ ಹೆಚ್ಚಿಸಿದಂತೆ ಸದ್ದಿನ ಶ್ರುತಿಯೂ ಏರುತ್ತದೆ. ಈ ಹೊಡೆತಗಳು ಪಂಪಿನೊಳಗಿನ ಲೋಹದ ಮೇಲ್ಮೈಯನ್ನು ಕೆತ್ತುತ್ತವೆ. ಕುಸಿಯುವ ಗುಳ್ಳೆಯೊಳಗಿನ ಗಾಳಿ ಕ್ಷಣಕಾಲ ನೂರಾರು ಡಿಗ್ರಿ ಬಿಸಿಯಾಗಿ, ಸುತ್ತಲಿನ ಎಣ್ಣೆಯನ್ನು ಸುಡುತ್ತದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುವುದಕ್ಕೆ ಇದೂ ಒಂದು ಕಾರಣ. ಕೆತ್ತಲ್ಪಟ್ಟ ಲೋಹದ ಪುಡಿ ಎಣ್ಣೆಯೊಂದಿಗೆ ಹರಿದು ಕವಾಟ ಮತ್ತು ರ್‍ಯಾಕ್‌ನ ಸೀಲುಗಳನ್ನು ಉಜ್ಜುತ್ತದೆ. ಹೀಗೆ ಕ್ಲಿಪ್ಪಿನಿಂದ ಆರಂಭವಾದ ದೋಷ ಪಂಪಿಗೆ, ಪಂಪಿನಿಂದ ರ್‍ಯಾಕ್‌ಗೆ ಹಬ್ಬುತ್ತದೆ.

ಅಂದ ಹಾಗೆ, ಎಣ್ಣೆಯಲ್ಲಿ ಗಾಳಿ ಸದಾಕಾಲ ಸ್ವಲ್ಪ ಇದ್ದೇ ಇರುತ್ತದೆ. ಸಾಮಾನ್ಯ ವಾತಾವರಣದಲ್ಲಿ ಖನಿಜ ಎಣ್ಣೆ ತನ್ನ ಗಾತ್ರದ ಶೇ 8ರಿಂದ 10ರಷ್ಟು ಗಾಳಿಯನ್ನು ಕರಗಿಸಿಕೊಂಡಿರುತ್ತದೆ. ಸೋಡಾ ಬಾಟಲಿಯೊಳಗೆ ಅನಿಲ ಅಡಗಿರುವಂತೆ ಅದು ಕಣ್ಣಿಗೆ ಕಾಣುವುದಿಲ್ಲ, ತೊಂದರೆಯನ್ನೂ ಕೊಡುವುದಿಲ್ಲ. ಪಂಪ್ ಎಳೆಯುವ ದಾರಿಯಲ್ಲಿ ಅಡಚಣೆ ಉಂಟಾದಾಗ ಮಾತ್ರ ಅಲ್ಲಿ ಒತ್ತಡ ಕುಸಿದು, ಸೋಡಾ ಬಿರಡೆ ತೆಗೆದಾಗ ಆಗುವಂತೆ ಗುಳ್ಳೆಗಳು ಏಳುತ್ತವೆ. ಡಬ್ಬಿಯ ತಳದ ಜಾಲರಿ ಕಸದಿಂದ ಕಟ್ಟಿಕೊಂಡಿದ್ದರೆ ಹೊರಗಿನಿಂದ ಒಂದು ಹನಿ ಗಾಳಿ ನುಸುಳದಿದ್ದರೂ ಪಂಪ್ ನರಳುವುದು ಇದೇ ಕಾರಣದಿಂದ. ಈ ಜಾಲರಿಯನ್ನು ನೋಡುವ ಗೋಜಿಗೆ ಹೋಗುವವರು ವಿರಳ.

ಒಣಗಿದ ಜಾಗದಲ್ಲೇ ಸೋರಿಕೆ

ಗಾಳಿ ಸೇರುವ ಅತಿ ಸರಳ ದಾರಿ ಎಂದರೆ ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾಗುವುದು. ಮಟ್ಟ ಇಳಿದಂತೆ ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ವಾಲಿ, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಎಣ್ಣೆ ತಾನಾಗಿ ಆವಿಯಾಗಿ ಹೋಗುವ ವಸ್ತುವಲ್ಲ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಪ್ರತಿ ತಿಂಗಳು ಒಂದಿಷ್ಟು ಎಣ್ಣೆ ಸುರಿದು ಸಮಾಧಾನಪಟ್ಟುಕೊಳ್ಳುವುದು ರೋಗವನ್ನು ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತೆ.

ಸೋರಿಕೆ ಹುಡುಕುವಾಗ ಎಲ್ಲರೂ ನೋಡುವುದು ಒದ್ದೆ ಜಾಗವನ್ನು. ರ್‍ಯಾಕ್‌ನ ತುದಿಯ ರಬ್ಬರ್ ಬೂಟುಗಳು, ಪ್ರೆಷರ್ ಹೋಸಿನ ಜೋಡಣೆ, ಪಂಪಿನ ಮುಂಭಾಗದ ಆಯಿಲ್ ಸೀಲ್ ಇವೆಲ್ಲ ಸರಿಯೇ. ಆದರೆ ಗಾಳಿಯ ಮಟ್ಟಿಗೆ ನಿಜವಾದ ಶಂಕಿತ ಸ್ಥಳ ಡಬ್ಬಿಗೂ ಪಂಪಿಗೂ ನಡುವೆ ಇರುವ ಗಿಡ್ಡ ಸಕ್ಷನ್ ಹೋಸ್. ಪಂಪ್ ಎಣ್ಣೆಯನ್ನು ಎಳೆಯುವಾಗ ಈ ಹೋಸಿನೊಳಗಿನ ಒತ್ತಡ ಹೊರಗಿನ ವಾತಾವರಣಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ಇಲ್ಲಿ ಸೂಜಿಮೊನೆಯಷ್ಟು ಸಂದಿಯಿದ್ದರೂ ಎಂಜಿನ್ ಓಡುತ್ತಿರುವಾಗ ಎಣ್ಣೆ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಹೊರಗೆ ಒಂದು ಹನಿಯೂ ತೊಟ್ಟಿಕ್ಕದೆ ಎಲ್ಲವೂ ಒಣಗಿ ಶುಚಿಯಾಗಿ ಕಾಣುತ್ತದೆ. ಮೆಕ್ಯಾನಿಕ್ ಟಾರ್ಚ್ ಹಿಡಿದು ನೋಡಿ ‘ಲೀಕ್ ಏನೂ ಇಲ್ಲ ಸಾರ್’ ಎಂದು ಹೇಳುವುದರಲ್ಲಿ ಸುಳ್ಳಿಲ್ಲ. ಆತ ನೋಡಿದ್ದು ಎಣ್ಣೆಯ ಸೋರಿಕೆಯನ್ನು ಮಾತ್ರ.

ಎಂಜಿನ್ನಿನ ಬಿಸಿಗೆ ವರ್ಷಾನುಗಟ್ಟಲೆ ಬೆಂದ ರಬ್ಬರ್ ಹೋಸ್ ಗಟ್ಟಿಯಾಗುತ್ತದೆ. ಆಗ ಕ್ಲಿಪ್ ಎಷ್ಟು ಬಿಗಿದರೂ ಅದು ಕೊಳವೆಗೆ ಅಂಟಿ ಕೂರುವುದಿಲ್ಲ. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಡಬ್ಬಿಯ ಮೂತಿಯೇ ಸೀಳುವ ಅಪಾಯವಿದೆ. ಹೋಸಿನ ತುದಿಯನ್ನು ಸ್ವಲ್ಪ ಕತ್ತರಿಸಿ ಮರಳಿ ಸಿಕ್ಕಿಸುವುದು ತಾತ್ಕಾಲಿಕ ಉಪಾಯವಾದೀತು. ಹೊಸ ಹೋಸ್ ಹಾಕುವುದೇ ಸರಿಯಾದ ಕ್ರಮ. ಪಂಪಿನ ಮೂತಿಯ ಬಳಿ ಇರುವ ಓ ರಿಂಗ್ ಕೂಡ ಹೀಗೆಯೇ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಪಂಪ್ ಬದಲಾಯಿಸುವಾಗ ಹಳೆಯ ಓ ರಿಂಗನ್ನೇ ಮರಳಿ ಕೂರಿಸಿದರೆ, ಆರಂಭದಲ್ಲಿ ಹೇಳಿದ ‘ಹದಿನೈದು ದಿನಕ್ಕೆ ಮರಳಿದ ಸದ್ದು’ ಖಚಿತ.

ಪತ್ತೆ ಮಾಡಲು ಸುಲಭದ ಪರೀಕ್ಷೆಯೊಂದಿದೆ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಸಕ್ಷನ್ ಹೋಸಿನ ಜೋಡಣೆಗಳ ಮೇಲೆ ಅದೇ ಸ್ಟೀರಿಂಗ್ ಎಣ್ಣೆಯನ್ನು ಕೆಲವು ಹನಿ ಬಿಡಬೇಕು. ಸಂದಿಯಿದ್ದರೆ ಒಂದೆರಡು ಕ್ಷಣ ಗಾಳಿಯ ಬದಲು ಆ ಎಣ್ಣೆ ಒಳಹೋಗಿ ಸದ್ದು ಬದಲಾಗುತ್ತದೆ ಅಥವಾ ತಗ್ಗುತ್ತದೆ. ಬೆಲ್ಟ್, ಫ್ಯಾನು ತಿರುಗುತ್ತಿರುವ ಜಾಗವಾದ್ದರಿಂದ ಕೈ, ಬಟ್ಟೆ, ಕೂದಲಿನ ಬಗ್ಗೆ ಎಚ್ಚರ ಅಗತ್ಯ.

ಗಾಜಿನ ಲೋಟದ ಸಾಕ್ಷಿ

ಗಾಳಿ ಇದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಡಬ್ಬಿಯ ಮುಚ್ಚಳ ತೆರೆದರೆ ಸಾಕು. ಎಂಜಿನ್ ಓಡುತ್ತಿರುವಾಗ ಮೇಲೆ ನೊರೆ ಕಂಡರೆ, ಅಥವಾ ಕೆಂಪಗಿರಬೇಕಾದ ಎಣ್ಣೆ ಹಾಲು ಬೆರೆಸಿದಂತೆ ತಿಳಿಗುಲಾಬಿಯಾಗಿದ್ದರೆ ಗಾಳಿ ಬೆರೆತಿದೆ ಎಂದು ಊಹಿಸಬಹುದು. ನೀರು ಸೇರಿದರೂ ಎಣ್ಣೆ ಇದೇ ರೀತಿ ಬೆಳ್ಳಗಾಗುತ್ತದೆ ಎಂಬುದು ಗೊಂದಲಕ್ಕೆ ಕಾರಣ. ಮಳೆಗಾಲದಲ್ಲಿ ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ ಮುಳುಗೆದ್ದ ವಾಹನಗಳಲ್ಲಿ ಈ ಅನುಮಾನ ಸಹಜ. ಒಂದಿಷ್ಟು ಎಣ್ಣೆಯನ್ನು ಗಾಜಿನ ಲೋಟಕ್ಕೆ ತೆಗೆದು ಸುಮ್ಮನೆ ಇಟ್ಟರೆ ಉತ್ತರ ಸಿಗುತ್ತದೆ. ಗಾಳಿಯಾದರೆ ಗುಳ್ಳೆಗಳು ಮೇಲೇರಿ, ಎಣ್ಣೆ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬರುತ್ತದೆ. ನೀರಾದರೆ ಎಷ್ಟು ಹೊತ್ತು ಕಾದರೂ ಮಬ್ಬು ಹೋಗುವುದಿಲ್ಲ, ಅಥವಾ ತಳದಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ. ನೀರು ಸೇರಿದ್ದರೆ ಗಾಳಿ ತೆಗೆದು ಪ್ರಯೋಜನವಿಲ್ಲ. ಪೂರ್ತಿ ಎಣ್ಣೆ ಬದಲಾಯಿಸಲೇಬೇಕು.

ಇನ್ನೊಂದು ಪರೀಕ್ಷೆ ಮತ್ತಷ್ಟು ಖಚಿತವಾದದ್ದು. ಎಂಜಿನ್ ಓಡುತ್ತಿರುವಾಗ ಡಬ್ಬಿಯಲ್ಲಿನ ಎಣ್ಣೆಯ ಮಟ್ಟವನ್ನು ಗುರುತು ಮಾಡಿಕೊಂಡು ಎಂಜಿನ್ ನಿಲ್ಲಿಸಬೇಕು. ಒತ್ತಡ ಇಳಿದೊಡನೆ ಒಳಗೆ ಅಮುಕಿದ ಗಾಳಿ ಹಿಗ್ಗಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಮಟ್ಟ ಸುಮಾರು 5 ಮಿಲಿಮೀಟರಿಗಿಂತ ಹೆಚ್ಚು ಏರಿದರೆ ಗಾಳಿ ಇನ್ನೂ ಒಳಗಿದೆ ಎಂದರ್ಥ. ಇದಕ್ಕೆ ಯಾವ ಉಪಕರಣವೂ ಬೇಡ, ಒಂದು ಪೆನ್ನು ಸಾಕು.

ಎಲ್ಲ ಭಾರವೂ ಗಾಳಿಯದ್ದಲ್ಲ

ಸ್ಟೀರಿಂಗ್ ಭಾರವಾಗಿದೆ ಎಂದ ಮಾತ್ರಕ್ಕೆ ಎಣ್ಣೆಯನ್ನೇ ದೂರುವುದು ಸರಿಯಲ್ಲ. ಮುಂದಿನ ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೂ ಸ್ಟೀರಿಂಗ್ ಬಿಗಿಯುತ್ತದೆ. ಒಂದು ಟೈರಿನಲ್ಲಿ ಮಾತ್ರ ಕಡಿಮೆಯಿದ್ದರೆ ವಾಹನ ಆ ಬದಿಗೆ ಎಳೆಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ಎರಡು ನಿಮಿಷದ ಈ ಕೆಲಸವನ್ನು ಮೊದಲು ಮುಗಿಸದೆ ಬಾನೆಟ್ ತೆರೆಯುವುದರಲ್ಲಿ ಅರ್ಥವಿಲ್ಲ.

ತಿರುಗಿಸಿದಾಗ ನರಳುವ ಬದಲು ‘ಕೀಂಯ್’ ಎಂದು ಕಿರುಚಿದರೆ ಅದು ಬೆಲ್ಟ್ ಜಾರುತ್ತಿರುವ ಸದ್ದು. ಮಳೆಯ ಮುಂಜಾನೆ ಇದು ಹೆಚ್ಚು. ಅನೇಕ ವಾಹನಗಳಲ್ಲಿ ಒಂದೇ ಬೆಲ್ಟ್ ಸ್ಟೀರಿಂಗ್ ಪಂಪ್, ಆಲ್ಟರ್ನೇಟರ್, ವಾಟರ್ ಪಂಪ್‌ಗಳನ್ನು ತಿರುಗಿಸುತ್ತದೆ. ಹೀಗಾಗಿ ಸ್ಟೀರಿಂಗ್ ಹಠಾತ್ತನೆ ಭಾರವಾಗಿ, ಜತೆಗೆ ಬ್ಯಾಟರಿ ದೀಪವೂ ಹೊತ್ತಿಕೊಂಡರೆ ಬೆಲ್ಟ್ ತುಂಡಾಗಿದೆ ಎಂದು ತಿಳಿದು ಎಂಜಿನ್ ಕಾಯುವ ಮುನ್ನ ವಾಹನ ನಿಲ್ಲಿಸಬೇಕು. ಒಂದು ದಿಕ್ಕಿಗೆ ಹಗುರ, ಇನ್ನೊಂದು ದಿಕ್ಕಿಗೆ ಭಾರ ಎಂದಾದರೆ ಪಂಪ್ ನಿರ್ದೋಷಿ; ಪಂಪಿಗೆ ಎಡ ಬಲ ಗೊತ್ತಿಲ್ಲ. ದೋಷ ಕವಾಟದಲ್ಲಿ ಅಥವಾ ರ್‍ಯಾಕ್‌ನ ಸೀಲಿನಲ್ಲಿರುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಭಾರವಾಗಿದ್ದು, ಸ್ವಲ್ಪ ದೂರ ಓಡಿದ ಮೇಲೆ ಹಗುರವಾಗುವ ಲಕ್ಷಣವೂ ಕವಾಟದ ಸವೆತವನ್ನೇ ಸೂಚಿಸುತ್ತದೆ. 1980ರ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅಲ್ಲಿನ ಮೆಕ್ಯಾನಿಕ್‌ಗಳು ಇದಕ್ಕೆ ಬಸುರಿಯರ ಬೆಳಗಿನ ವಾಕರಿಕೆಯ ಹೆಸರನ್ನೇ ಇಟ್ಟಿದ್ದರು.

ಪಂಪೋ, ರ್‍ಯಾಕೋ ಎಂಬ ತಕರಾರಿಗೆ ಅಂತಿಮ ನ್ಯಾಯ ಹೇಳುವುದು ಪ್ರೆಷರ್ ಗೇಜ್. ಪಂಪಿಗೂ ರ್‍ಯಾಕ್‌ಗೂ ನಡುವೆ ಮಾಪಕ ಮತ್ತು ಮುಚ್ಚುವ ಕವಾಟವನ್ನು ಜೋಡಿಸಿ, ಐದು ಸೆಕೆಂಡಿಗೆ ಮೀರದಂತೆ ಕವಾಟ ಮುಚ್ಚಿ ನೋಡುತ್ತಾರೆ. ತಯಾರಕರು ಹೇಳಿದಷ್ಟು ಒತ್ತಡ ಬಂದರೆ ಪಂಪ್ ಸರಿಯಿದೆ, ದೋಷ ಮುಂದಿದೆ. ಬಾರದಿದ್ದರೆ ಪಂಪೇ ದೋಷಿ. ದುಬಾರಿ ಬಿಡಿಭಾಗವೊಂದನ್ನು ಬದಲಾಯಿಸಬೇಕೆಂದು ಯಾರಾದರೂ ಹೇಳಿದರೆ ಈ ಪರೀಕ್ಷೆ ಮಾಡಲಾಗಿದೆಯೇ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಕೇಳುವವರು ಕಡಿಮೆ ಎಂಬುದು ಬೇರೆ ಮಾತು.

ಗಾಳಿ ತೆಗೆಯುವ ಬಗೆ

ಗಾಳಿ ನುಗ್ಗುವ ದಾರಿ ಮುಚ್ಚಿದ ಬಳಿಕವಷ್ಟೇ ಗಾಳಿ ತೆಗೆಯುವ ಕೆಲಸ. ಬ್ರೇಕಿನಲ್ಲಿ ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ನಿಪ್ಪಲ್ ಸಡಿಲಿಸುವ ಕ್ರಮ ಎಲ್ಲರಿಗೂ ಪರಿಚಿತ. ಬಹುತೇಕ ಕಾರುಗಳ ಸ್ಟೀರಿಂಗ್‌ನಲ್ಲಿ ಅಂತಹ ನಿಪ್ಪಲ್ ಇರುವುದಿಲ್ಲ. ಎಣ್ಣೆಯನ್ನು ಅತ್ತಿತ್ತ ಓಡಾಡಿಸಿ, ಗುಳ್ಳೆಗಳು ತಾವಾಗಿ ಡಬ್ಬಿಗೆ ಬಂದು ಮೇಲೇಳುವಂತೆ ಮಾಡುವುದೇ ಇಲ್ಲಿನ ಉಪಾಯ. ಇದಕ್ಕೆ ಬೇಕಾಗಿರುವುದು ತಾಳ್ಮೆ.

ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರಿಯ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಹೋಗುವುದು ಪ್ರಾಣಾಪಾಯ. ಚಕ್ರಗಳು ನೆಲ ಬಿಟ್ಟರೆ ಕಡಿಮೆ ಒತ್ತಡದಲ್ಲೇ ತಿರುಗುತ್ತವೆ, ಗುಳ್ಳೆಗಳು ಒಡೆದು ಪುಡಿಯಾಗುವುದಿಲ್ಲ. ಡಬ್ಬಿಯನ್ನು ಗುರುತಿನ ತನಕ ತುಂಬಿಸಿ, ಎಂಜಿನ್ ಚಾಲೂ ಮಾಡದೆಯೇ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹದಿನೈದು ಇಪ್ಪತ್ತು ಬಾರಿ ತಿರುಗಿಸಬೇಕು. ಈ ಹಂತವನ್ನು ಬಿಟ್ಟು ನೇರವಾಗಿ ಎಂಜಿನ್ ಶುರು ಮಾಡುವುದು ಗ್ಯಾರೇಜುಗಳಲ್ಲಿ ಅವಸರದಿಂದ ಆಗುವ ದೊಡ್ಡ ತಪ್ಪು. ಪಂಪ್ ಓಡತೊಡಗಿದರೆ ದೊಡ್ಡ ಗುಳ್ಳೆಗಳು ಕಡೆದ ಮಜ್ಜಿಗೆಯ ನೊರೆಯಂತೆ ಸಾವಿರಾರು ಸಣ್ಣ ಗುಳ್ಳೆಗಳಾಗಿ ಎಣ್ಣೆಯಲ್ಲಿ ತೂಗಾಡುತ್ತವೆ. ಅವು ಮೇಲೇಳಲು ಗಂಟೆಗಳೇ ಹಿಡಿಯುತ್ತವೆ.

ತಿರುಗಿಸುವಾಗ ಇನ್ನೊಬ್ಬರು ಡಬ್ಬಿಯ ಬಳಿ ನಿಂತು ಮಟ್ಟ ಇಳಿದಂತೆ ಎಣ್ಣೆ ಸುರಿಯುತ್ತಿರಬೇಕು. ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ ಚಾಲೂ ಮಾಡಿ, ಐಡಲ್‌ನಲ್ಲೇ ಮತ್ತೆ ಕೆಲವು ಬಾರಿ ತಿರುಗಿಸಬೇಕು. ತುದಿ ಮುಟ್ಟಿದ ಮೇಲೆ ಅಲ್ಲೇ ಒತ್ತಿ ಹಿಡಿಯಬಾರದು. ಅಲ್ಲಿ ಒತ್ತಡ ಗರಿಷ್ಠವಾಗಿ, ರಿಲೀಫ್ ಕವಾಟ ತೆರೆದು ‘ಹಿಸ್’ ಎನ್ನುತ್ತದೆ, ಎಣ್ಣೆ ಕೆಲವೇ ಸೆಕೆಂಡುಗಳಲ್ಲಿ ಕಾಯುತ್ತದೆ. ಕಿರಿದಾದ ಓಣಿಗಳಲ್ಲಿ ಪಾರ್ಕಿಂಗ್ ಮಾಡುವಾಗ ಸ್ಟೀರಿಂಗನ್ನು ತುದಿಯಲ್ಲಿ ಒತ್ತಿ ಹಿಡಿಯುವ ಅಭ್ಯಾಸವೂ ಇದೇ ಕಾರಣಕ್ಕೆ ಒಳ್ಳೆಯದಲ್ಲ. ಕೊನೆಗೆ ಚಕ್ರ ಇಳಿಸಿ, ಮೊದಲೇ ಹೇಳಿದ 5 ಮಿಲಿಮೀಟರ್ ಪರೀಕ್ಷೆ ಮಾಡಬೇಕು. ಎಣ್ಣೆ ಇನ್ನೂ ಮಬ್ಬಾಗಿದ್ದರೆ ಎಂಜಿನ್ ನಿಲ್ಲಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಇನ್ನೊಮ್ಮೆ ಇಡೀ ಕ್ರಮವನ್ನು ಪುನರಾವರ್ತಿಸುವುದೇ ದಾರಿ. ಹಠಮಾರಿ ಗಾಳಿಗೆ ಡಬ್ಬಿಯ ಬಾಯಿಗೆ ವ್ಯಾಕ್ಯೂಮ್ ಪಂಪ್ ಜೋಡಿಸಿ ಗುಳ್ಳೆಗಳನ್ನು ಹೀರಿ ತೆಗೆಯುವ ವಿಧಾನವೂ ಇದೆ.

ಯಾವ ಎಣ್ಣೆ?

ಡಬ್ಬಿಯ ಮುಚ್ಚಳದ ಮೇಲೆ ಅಥವಾ ವಾಹನದೊಂದಿಗೆ ಬಂದ ಕೈಪಿಡಿಯಲ್ಲಿ ಏನು ಬರೆದಿದೆಯೋ ಅದೇ. ಹಲವು ವಾಹನಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಎಣ್ಣೆ, ಕೆಲವು ಯುರೋಪಿಯನ್ ಕಾರುಗಳಿಗೆ ಹಸಿರು ಬಣ್ಣದ ಕೃತಕ ಎಣ್ಣೆ. ಎರಡನ್ನೂ ಬೆರೆಸುವಂತಿಲ್ಲ. ಅವುಗಳಲ್ಲಿ ನೊರೆ ಏಳದಂತೆ ತಡೆಯುವ ರಾಸಾಯನಿಕಗಳಿರುತ್ತವೆ. ತಪ್ಪು ಎಣ್ಣೆ ಹಾಕಿದರೆ ಗಾಳಿ ನುಗ್ಗುವ ದಾರಿ ಇಲ್ಲದಿದ್ದರೂ ನೊರೆ ಏಳಬಹುದು. ಅವಸರದಲ್ಲಿ ಬ್ರೇಕ್ ಆಯಿಲ್ ಸುರಿಯುವುದು ಇನ್ನೂ ದೊಡ್ಡ ಅನಾಹುತ. ಅದರ ರಾಸಾಯನಿಕ ಗುಣವೇ ಬೇರೆಯಾದ್ದರಿಂದ ಸ್ಟೀರಿಂಗ್‌ನ ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ. ಹಾಗೆಯೇ ಸ್ಟೀರಿಂಗ್ ಎಣ್ಣೆ ಬ್ರೇಕಿನ ಡಬ್ಬಿಗೆ ಬಿದ್ದರೆ ಅಲ್ಲಿನ ಸೀಲುಗಳಿಗೂ ಅದೇ ಗತಿ, ಪರಿಣಾಮ ಮಾತ್ರ ಇನ್ನೂ ಘೋರ.

ಘಾಟಿ, ಲಾರಿ, ಟ್ರ್ಯಾಕ್ಟರ್

ಪೇಟೆಯ ಕಾರಿಗೆ ಇದು ಕಿರಿಕಿರಿ. ಘಾಟಿ ಇಳಿಯುವ ವಾಹನಕ್ಕೆ ಪ್ರಾಣದ ಪ್ರಶ್ನೆ. ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಒಂದಾದ ಮೇಲೊಂದರಂತೆ ಸ್ಟೀರಿಂಗ್ ಪೂರ್ತಿ ತಿರುಗಿಸಬೇಕಾಗುತ್ತದೆ. ಎಣ್ಣೆ ಬಿಸಿಯೇರುತ್ತದೆ, ಇದ್ದ ಗಾಳಿ ನೊರೆಯಾಗುತ್ತದೆ. ನಡುವಿನ ತಿರುವಿನಲ್ಲಿ ಎಣ್ಣೆಯ ನೆರವು ತಪ್ಪಿದರೆ ಚಾಲಕರು ಗಾಬರಿಗೊಳ್ಳುವುದು ಸಹಜ. ಇಲ್ಲಿ ತಿಳಿದಿರಬೇಕಾದ ಸಂಗತಿಯೆಂದರೆ, ಕಾರು, ಬಸ್ಸು, ಲಾರಿಗಳಲ್ಲಿ ಸ್ಟೀರಿಂಗ್‌ಗೂ ಚಕ್ರಕ್ಕೂ ಲೋಹದ ನೇರ ಸಂಪರ್ಕ ಇದ್ದೇ ಇರುತ್ತದೆ. ಎಣ್ಣೆಯ ನೆರವು ನಿಂತರೂ ಸ್ಟೀರಿಂಗ್ ಕಟ್ಟಿಕೊಳ್ಳುವುದಿಲ್ಲ, ತೀರಾ ಭಾರವಾಗುತ್ತದೆ. ಹಳೆಯ ವಾಹನಗಳ ಸ್ಟೀರಿಂಗಿಗಿಂತಲೂ ಭಾರ, ಏಕೆಂದರೆ ಇದರ ಗೇರು ಜೋಡಣೆ ಎಣ್ಣೆಯ ಬಲವನ್ನು ನಂಬಿ ರೂಪಿಸಿದ್ದು. ಎರಡೂ ಕೈಗಳಿಂದ ಬಲವಾಗಿ ಹಿಡಿದು, ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದು ಸಾಧ್ಯ.

ಇಂಧನ ಉಳಿಸುವ ಆಸೆಗೆ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ದುರಭ್ಯಾಸ ಈ ಹಿನ್ನೆಲೆಯಲ್ಲಿ ಆತ್ಮಹತ್ಯೆಗೆ ಸಮಾನ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ. ಜತೆಗೆ ಕಾರಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಕೆಲವೇ ಒತ್ತುಗಳಲ್ಲಿ ಮುಗಿಯುತ್ತದೆ. ಲಾರಿ, ಬಸ್ಸುಗಳಲ್ಲಿ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಕೀಲಿ ಹೊರತೆಗೆದರೆ ಸ್ಟೀರಿಂಗ್ ಲಾಕ್ ಬೀಳುವ ಅಪಾಯವೂ ಇದೆ. ಸ್ಟೀರಿಂಗ್, ಬ್ರೇಕ್ ಎರಡೂ ಒಟ್ಟಿಗೆ ಕೈಕೊಡುವ ಸ್ಥಿತಿಯನ್ನು ಚಾಲಕರೇ ತಂದುಕೊಂಡಂತೆ.

ಟ್ರ್ಯಾಕ್ಟರ್ ಮತ್ತು ಜೆಸಿಬಿಯಂತಹ ಯಂತ್ರಗಳದು ಬೇರೆಯೇ ಲೋಕ. ಪವರ್ ಸ್ಟೀರಿಂಗ್ ಇರುವ ಅನೇಕ ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗ್‌ಗೂ ಚಕ್ರಕ್ಕೂ ನಡುವೆ ಲೋಹದ ದಂಡವೇ ಇಲ್ಲ. ಎರಡನ್ನೂ ಜೋಡಿಸುವುದು ಹೋಸುಗಳೊಳಗಿನ ಎಣ್ಣೆ ಮಾತ್ರ. ಇಲ್ಲಿ ಗಾಳಿ ಸೇರಿದರೆ ಸ್ಟೀರಿಂಗ್ ತಿರುಗಿಸಿದಷ್ಟು ಚಕ್ರ ತಿರುಗುವುದಿಲ್ಲ, ಸ್ಪಂಜು ಹಿಂಡಿದಂತಹ ಅನುಭವ. ಎಂಜಿನ್ ನಿಂತರೆ ಸ್ಟೀರಿಂಗನ್ನೇ ಕೈಪಂಪಿನಂತೆ ಬಳಸಿ ಹೇಗೋ ತಿರುಗಿಸಬಹುದು. ಆದರೆ ಹೋಸ್ ಒಡೆದು ಎಣ್ಣೆ ಪೂರ್ತಿ ಹೋದರೆ ಚಕ್ರಗಳ ಮೇಲೆ ಹಿಡಿತವೇ ತಪ್ಪುತ್ತದೆ. ಮಂಡ್ಯ, ಬೆಳಗಾವಿ ಜಿಲ್ಲೆಗಳ ರಸ್ತೆಗಳಲ್ಲಿ ಹಂಗಾಮಿನ ದಿನಗಳಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡು ಸಾಗುವ ಟ್ರ್ಯಾಕ್ಟರುಗಳ ವಿಷಯದಲ್ಲಿ ಹೋಸಿನ ಬಿರುಕನ್ನು ‘ನಾಳೆ ನೋಡೋಣ’ ಎಂದು ಮುಂದೂಡುವುದು ಎದುರಿಗೆ ಬರುವವರಿಗೂ ಅಪಾಯಕಾರಿ.

ಬೆರಳಿಟ್ಟು ಹುಡುಕಬೇಡಿ

ಒತ್ತಡದ ಹೋಸಿನಲ್ಲಿ ಸೋರಿಕೆ ಹುಡುಕಲು ಅದರ ಮೇಲೆ ಕೈಯಾಡಿಸುವ ರೂಢಿ ಅನೇಕರಿಗಿದೆ. ಸೂಜಿಮೊನೆಯಂತಹ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗಾಯ, ನೋವೂ ಆರಂಭದಲ್ಲಿ ಅಷ್ಟಕ್ಕಷ್ಟೇ. ಒಳಗೆ ಮಾತ್ರ ಎಣ್ಣೆ ಮಾಂಸಖಂಡಗಳ ನಡುವೆ ಹರಡಿ ಜೀವಕೋಶಗಳನ್ನು ಕೊಲ್ಲುತ್ತದೆ. ತಡ ಮಾಡಿದರೆ ಬೆರಳನ್ನೇ ಕತ್ತರಿಸಬೇಕಾದ ಪ್ರಸಂಗ ಬರುತ್ತದೆ. ಒತ್ತಡ ಹೆಚ್ಚಿರುವ ಜೆಸಿಬಿಯಂತಹ ಯಂತ್ರಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ರಟ್ಟಿನ ತುಂಡನ್ನು ಹೋಸಿನ ಬಳಿ ಹಿಡಿದು ಎಣ್ಣೆ ಎಲ್ಲಿ ಹಾರುತ್ತದೆ ಎಂದು ನೋಡುವುದು ಸುರಕ್ಷಿತ ವಿಧಾನ. ಎಣ್ಣೆ ಚರ್ಮದೊಳಗೆ ಹೊಕ್ಕ ಅನುಮಾನವಿದ್ದರೂ ಸಾಕು, ಆಸ್ಪತ್ರೆಗೆ ಧಾವಿಸಿ ಏನಾಯಿತೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಕಾದ ಸೈಲೆನ್ಸರ್ ಕೊಳವೆಯ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಉಂಟು.

ಇತ್ತೀಚಿನ ವರ್ಷಗಳಲ್ಲಿ ಕಾರು ಕೊಂಡವರಲ್ಲಿ ಹೆಚ್ಚಿನವರಿಗೆ ಈ ತಾಪತ್ರಯ ಇಲ್ಲ. 1988ರಲ್ಲಿ ಜಪಾನಿನ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿನಿಂದ ಆರಂಭವಾದ ವಿದ್ಯುತ್ ಮೋಟರಿನ ಸ್ಟೀರಿಂಗ್ ಈಗ ಸಣ್ಣ ಕಾರುಗಳಲ್ಲಿ ಸರ್ವೇಸಾಮಾನ್ಯ. ಅಲ್ಲಿ ಎಣ್ಣೆಯೂ ಇಲ್ಲ, ಗಾಳಿಯೂ ಇಲ್ಲ. ಬಾನೆಟ್ ತೆರೆದು ಸ್ಟೀರಿಂಗ್ ಡಬ್ಬಿ ಹುಡುಕಿ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಲಾರಿ, ಬಸ್ಸು, ಕೆಲವು ದೊಡ್ಡ ಎಸ್‌ಯುವಿಗಳಲ್ಲಿ ಎಣ್ಣೆಯ ಆಳ್ವಿಕೆ ಮುಂದುವರಿದಿದೆ. ವಿದ್ಯುತ್ ಬಸ್ಸುಗಳಲ್ಲೂ ಅನೇಕ ಕಡೆ ಮೋಟರಿನಿಂದ ತಿರುಗುವ ಹೈಡ್ರಾಲಿಕ್ ಪಂಪನ್ನೇ ಬಳಸುತ್ತಾರೆ.

ಹತ್ತು ಹದಿನೈದು ವರ್ಷ ಹಳೆಯ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪೇಂಟ್, ಸೀಟು, ಮ್ಯೂಸಿಕ್ ಸಿಸ್ಟಂ ನೋಡುವ ಮುನ್ನ ಸ್ಟೀರಿಂಗ್ ಡಬ್ಬಿಯ ಮುಚ್ಚಳ ತೆರೆಯುವುದು ಲೇಸು. ಎಣ್ಣೆಯ ಬಣ್ಣ ಯಾವುದು, ಸುಟ್ಟ ವಾಸನೆಯಿದೆಯೇ, ಎಂಜಿನ್ ನಿಲ್ಲಿಸಿದಾಗ ಮಟ್ಟ ಎಷ್ಟು ಏರುತ್ತದೆ ಎಂದು ನೋಡಬೇಕು. ಆಗತಾನೆ ಸುರಿದ ಹೊಚ್ಚಹೊಸ ಕೆಂಪು ಎಣ್ಣೆಯ ಪಕ್ಕದಲ್ಲಿ ಹಳೆಯ, ಬಿರುಕು ಬಿಟ್ಟ ಹೋಸ್ ಕಂಡರೆ ಮಾರುವವರನ್ನು ಇನ್ನೆರಡು ಪ್ರಶ್ನೆ ಕೇಳಿಯೇ ಮುಂಗಡ ಕೊಡಬೇಕು.